ಕೆಂಚಯ್ಯನ ಹಿರೇಮದ್ದು

"ಈ ಅಮಾಸೆ ಕಳೆಯೋದ್ರೊಳಗೆ ನನ್ ಹೆಂಡ್ತಿ ದಿಗಿಲನ್ನ ಊರಾಚೆಗೆ ಓಡಿಸ್ದೆ ಇದ್ರೆ, ಈ ಮೀಸೆ ಬೋಳಿಸ್ಕಂಡು ಬಳೆ ತೊಟ್ಕತೀನಿ ಕಣ್ಲಾ!"

ಸಾತನೂರಿನ ಕೆಂಚಯ್ಯ ತನ್ನ ಮನೆಯ ಜಗಲಿಯಲ್ಲಿ, ಪಕ್ಕದ ಮನೆಯ ಅಂಕಯ್ಯನ ಮುಂದೆ ಮಾಡಿದ ಘೋರ ಪ್ರತಿಜ್ಞೆ ಇದು. ಪ್ರತಿಜ್ಞೆ ಮಾಡುವವರು ಎದ್ದು ನಿಂತು ಮಾಡುವುದು ವಾಡಿಕೆ. ಕೆಂಚಯ್ಯ ಕುಳಿತೇ ಮಾಡಿದ. ಎದ್ದು ನಿಲ್ಲುವಂಥ ಕೆಲಸಗಳನ್ನೆಲ್ಲ ಆ ಮನೆಯಲ್ಲಿ ಅವನ ಹೆಂಡತಿ ಮಾರಕ್ಕ ಮಾಡುತ್ತಿದ್ದಳು. ಬಳೆ ತೊಟ್ಟ ಕೈಗಳು ಆ ಮನೆಯಲ್ಲಿ ಎಷ್ಟು ದುಡಿಯುತ್ತವೆ ಎಂದು ತಿಳಿದಿದ್ದರೆ, ಸೋತವನಿಗೆ ಬಳೆ ಶಿಕ್ಷೆ ಎನ್ನುವ ಮಾತು ಅವನ ಬಾಯಲ್ಲಿ ಬರುತ್ತಿರಲಿಲ್ಲ!

ಅದು ಮಹಾರಾಜರ ಕಾಲ. ಸಾತನೂರಿಗೆ ಮೋಟಾರು ಇನ್ನೂ ಬಂದಿರಲಿಲ್ಲ, ರೇಷ್ಮೆ ಬಂದಿತ್ತು. ರೇಷ್ಮೆ ಬಂದ ಮನೆಯಲ್ಲಿ ಮನುಷ್ಯರಿಗೆ ಜಾಗವೆಲ್ಲಿ? ನಡುಮನೆಯ ತುಂಬ ಬಿದಿರಿನ ಅಟ್ಟಣಿಗೆ, ಅಟ್ಟಣಿಗೆಯ ತುಂಬ ತಟ್ಟೆ, ತಟ್ಟೆಯ ತುಂಬ ಹುಳ. ಮನುಷ್ಯರು ಜಗಲಿಗೆ. ಅಡುಗೆಯ ಒಲೆ ಹಿತ್ತಲಿಗೆ. ಆ ಹುಳಗಳಿಗೆ ಸಲ್ಲುತ್ತಿದ್ದ ಮರ್ಯಾದೆ ಅಮಲ್ದಾರರಿಗೂ ಸಲ್ಲುತ್ತಿರಲಿಲ್ಲ. ಹತ್ತಿರದಲ್ಲೆಲ್ಲೂ ಒಗ್ಗರಣೆ ಸಿಡಿಸಕೂಡದು. ಬೀಡಿ ಹಚ್ಚಕೂಡದು. ಹೂ ಮುಡಿದು ಒಳಗೆ ಬರಕೂಡದು. ಒದ್ದೆ ಸೊಪ್ಪು ಹಾಕಕೂಡದು. ಒಂದು ಕೆಟ್ಟ ವಾಸನೆ ಮೂಗಿಗೆ ತಾಗಿತೋ, ಹುಳ ತಲೆ ಎತ್ತಿ ಕೂತುಬಿಡುತ್ತದೆ, ಮೇವು ಮುಟ್ಟುವುದಿಲ್ಲ. ಇಷ್ಟೂ ಕಟ್ಟಳೆ ಸಾತನೂರಿನ ಕೂಸಿಗೂ ಗೊತ್ತು. ಕೆಂಚಯ್ಯನಿಗೂ ಗೊತ್ತು. ಗೊತ್ತಿದ್ದದ್ದನ್ನು ಮಾಡಿದ ಅಭ್ಯಾಸ ಅವನಿಗೆ ಇರಲಿಲ್ಲ, ಅಷ್ಟೇ.

ಇನ್ನು ಮಾರಕ್ಕನ ದಿಗಿಲಿಗೆ ಬರೋಣ. ಮಾಗಡಿಗೆ ಕೊಟ್ಟಿದ್ದ ಮಗಳು ಚಿಕ್ಕತಾಯಿ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರಬೇಕು. ಆದರೆ ಹುಳವಿರುವ ಮನೆಯಲ್ಲಿ ಹೆರಿಗೆಯ ಮೈಲಿಗೆ ಆಗುವಂತಿಲ್ಲ. ಹುಳ ಮೇವು ಮುಗಿಸಿ ಹಣ್ಣಾಗಿ, ಬಿದಿರು ಹೆಣೆದ ಚಂದ್ರಿಕೆ ಏರಿ, ಗೂಡು ಕಟ್ಟಿ, ಆ ಗೂಡು ಮಾರಿಹೋದ ಮೇಲೆ ಮನೆ ಸಾರಿಸಿ ಮಗಳನ್ನು ಒಳಕ್ಕೆ ಕರೆದುಕೊಳ್ಳಬೇಕು. ಅಷ್ಟರೊಳಗೆ ನೋವು ಬಂದರೆ? ಕೊಟ್ಟಿಗೆಯಲ್ಲಿ, ಎಮ್ಮೆಯ ಪಕ್ಕದಲ್ಲಿ ಗೋಣಿ ಹಾಸಬೇಕು. ಬೆಳೆಯೇ ಕೆಟ್ಟರೆ? ಬಾಣಂತಿಗೆ ತುಪ್ಪವಿಲ್ಲ, ಕೊಬ್ಬರಿಯಿಲ್ಲ; ಚನ್ನಪಟ್ಟಣದಿಂದ ತರುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದ ಅರಗಿನ ಬಣ್ಣದ ತೊಟ್ಟಿಲಂತೂ ಇಲ್ಲವೇ ಇಲ್ಲ. ಅತ್ತ ಮಗಳ ಹೊಟ್ಟೆ ಇಳಿಯುತ್ತಿದೆ, ಇತ್ತ ಹುಳ ಹಣ್ಣಾಗುತ್ತಿಲ್ಲ! ಎರಡರ ನಡುವೆ ಸಿಕ್ಕ ಮಾರಕ್ಕ ಹೊಲದಿಂದ ಸೊಪ್ಪು ಹೊತ್ತು, ಹೆಚ್ಚಿ, ಹಗಲೂ ರಾತ್ರಿ ಹಾಕಿ, ಹಿಕ್ಕೆ ಬಳಿದು, ಇರುವೆ ಹತ್ತದಂತೆ ಅಟ್ಟಣಿಗೆಯ ಕಾಲಡಿಯ ಬಟ್ಟಲುಗಳಿಗೆ ನೀರು ತುಂಬಿ, ಆಮೇಲೆ ಗಂಡನಿಗೆ ಮುದ್ದೆ ತಿರುವುತ್ತಿದ್ದಳು. ಈಚೀಚೆಗೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಬೆಚ್ಚಿ ಬೀಳುತ್ತಿದ್ದಳು.

ಕೆಂಚಯ್ಯ ಏನು ಮಾಡುತ್ತಿದ್ದ ಎನ್ನುತ್ತೀರಾ? ಬೆಳೆಗೆ ಯಾರ ದೃಷ್ಟಿಯೂ ತಾಗದಂತೆ ಜಗಲಿಯಲ್ಲಿ ಕುಳಿತು ಕಾಯುತ್ತಿದ್ದ. ಸಾಮಾನ್ಯ ಕೆಲಸವೇ ಅದು?

ಹೆಂಗಸಿನ ದಣಿವಿಗೆ ನಮ್ಮ ಗಂಡಸರು ಇಟ್ಟ ಹೆಸರುಗಳನ್ನು ಕೇಳಬೇಕು! ವಾಯು ಎನ್ನುತ್ತಾರೆ, ಪಿತ್ತ ಎನ್ನುತ್ತಾರೆ, ಗಾಳಿ ಸೋಕಿದೆ ಎನ್ನುತ್ತಾರೆ, ಗ್ರಹಚಾರ ಎನ್ನುತ್ತಾರೆ. ದಣಿವು ಎನ್ನುವ ಹೆಸರೊಂದು ಮಾತ್ರ ಯಾರ ನಾಲಿಗೆಗೂ ಬರುವುದಿಲ್ಲ. ಅದು ಬಂದರೆ ಮದ್ದು ತರಲು ಹೋಗುವಂತಿಲ್ಲವಲ್ಲ, ಸೊಪ್ಪಿನ ಮಂಕರಿ ಹೊರಬೇಕಾಗುತ್ತದಲ್ಲ!

ಕೆಂಚಯ್ಯ ಮದ್ದು ತರಲು ಹೊರಟ.

ಬೊಂಬೆ ಮಾಡುವವರಿಗೆ ಹಾಲೆ ಮರದ ದಿಮ್ಮಿ ಸಾಗಿಸುತ್ತಿದ್ದ ಗಾಡಿಯೊಂದನ್ನು ಹತ್ತಿ ಚನ್ನಪಟ್ಟಣ ಸೇರಿ, ಹಕೀಮ್ ಜಬ್ಬಾರ್ ಸಾಬರ ಅಂಗಡಿಯ ಮುಂದೆ ಇಳಿದ. ಸುತ್ತೂರುಗಳಿಗೆಲ್ಲ ಅವರ ಕೈಗುಣ ಗೊತ್ತು.

"ಯಾರಿಗೆ ಬೀಮಾರಿ?" ಸಾಬರು ಕೇಳಿದರು.

"ನಮ್ ಹೆಂಗಸ್ರಿಗೆ ಸಾಬ್ರೇ. ಎದೆ ಡವಡವ ಅಂತದಂತೆ. ಸುಮ್‌ಸುಮ್ನೆ ಬೆಚ್ಚಿ ಬೀಳ್ತಾಳೆ."

"ರಾತ್ರಿ ಎಷ್ಟೊತ್ತು ಮಲಗ್ತಾರೆ?"

"ಅದ್ ನನ್ಗೆಂಗ್ ಗೊತ್ತಾಗ್ತದೆ? ಆಗ ನಾನು ಮಲಗಿರ್ತೀನಲ್ಲ!"

ಸಾಬರು ಗಡ್ಡ ನೀವಿಕೊಂಡರು. "ಊಟ ಸರಿಯಾಗಿ ಮಾಡ್ತಾರಾ?"

"ನನ್ಗೆ ಇಕ್ಕಾದ್ಮೇಲೆ ಉಣ್ತಾಳೆ. ಉಳ್ದಿದ್ರೆ ಉಣ್ತಾಳೆ ಅನ್ಕಳಿ."

"ಮತ್ತೆ ನಿಮಗೆ ಗೊತ್ತಿರೋದು ಏನು ಯಜಮಾನ್ರೆ?"

"ಅವಳಿಗೆ ದಿಗಿಲು ಅನ್ನೋದು ಗೊತ್ತು!"

ಸಾಬರು ಒಂದು ಬೇರಿನ ತುಂಡನ್ನು ಅವನ ಅಂಗೈಗೆ ಹಾಕಿದರು. "ನಾವು ಅಸ್ಗಂದ್ ಅಂತೀವಿ, ಪಂಡಿತ್ರು ಅಶ್ವಗಂಧ ಅಂತಾರೆ, ನಿಮ್ ಹಳ್ಳೀಲಿ ಹಿರೇಮದ್ದು. ದಿಗಿಲಿಗೆ ಒಳ್ಳೇದು, ನಿದ್ದೆಗೂ ಒಳ್ಳೇದು. ಆದ್ರೆ ಮಂತ್ರ ಅಲ್ಲ ಇದು. ನೆರಳಲ್ಲಿ ಒಣಗಿಸಿ ಪುಡಿ ಮಾಡಿರ್ಬೇಕು, ಹಾಲಲ್ಲಿ ಚಿಟಿಕೆ ಹಾಕಿ ಕುಡೀಬೇಕು, ದಿನಾ ಕುಡೀಬೇಕು, ಸಬರ್ ಮಾಡ್ಬೇಕು, ತಾಳ್ಮೆ ಬೇಕು. ಬಸುರಿ ಹೆಂಗಸು ಮಾತ್ರ ಮುಟ್ಟಬಾರ್ದು, ಹುಷಾರ್! ಮತ್ತೆ ಇನ್ನೊಂದು ಮಾತು. ಮೊದ್ಲು ಅವರನ್ನ ನಾಲ್ಕು ದಿನ ಮಲಗಿಸಿ. ಅವರ ಕೆಲಸ ನೀವು ನೋಡ್ಕೊಳ್ಳಿ. ಆಮೇಲೂ ದಿಗಿಲು ಉಳಿದಿದ್ರೆ ಈ ಮದ್ದು ಕೊಡಿ. ಪುಡಿ ನನ್ನ ಹತ್ರ ಇದೆ, ತಗೊಂಡ್ ಹೋಗ್ತೀರಾ?"

"ಬ್ಯಾಡಿ ಸಾಬ್ರೇ. ನಮ್ ಕೆರೆ ಏರಿ ಮ್ಯಾಲೆ ಇದು ಬೇಕಾದಂಗೆ ಬೆಳ್ದೈತೆ. ನಾನೇ ಮಾಡ್ಕತೀನಿ!"

ಹಕೀಮರ ಮಾತುಗಳನ್ನೆಲ್ಲ ಕೆಂಚಯ್ಯ ಭಕ್ತಿಯಿಂದ ಗಂಟು ಕಟ್ಟಿಕೊಂಡು ಹೊರಟ. ಗಾಡಿ ಕುಲುಕಿದಂತೆಲ್ಲ ಗಂಟು ಸಡಿಲವಾಯಿತು. 'ಸಬರ್' ಎನ್ನುವುದು ಚನ್ನಪಟ್ಟಣದ ಗಡಿಯಲ್ಲೇ ಬಿತ್ತು. 'ಚಿಟಿಕೆ' ದಾರಿಯ ಹಳ್ಳದಲ್ಲಿ ಬಿತ್ತು. 'ಅವರ ಕೆಲಸ ನೀವು ನೋಡ್ಕೊಳ್ಳಿ' ಎನ್ನುವುದು ಎಲ್ಲಿ ಬಿತ್ತೋ, ಬಿದ್ದ ಸದ್ದೂ ಕೇಳಲಿಲ್ಲ. ಸಾತನೂರು ತಲುಪುವ ಹೊತ್ತಿಗೆ ಗಂಟಿನಲ್ಲಿ ಉಳಿದಿದ್ದುದು ಹಿರೇಮದ್ದು ಎಂಬ ಒಂದೇ ಹೆಸರು. ಖಾಲಿಯಾದ ಜಾಗಕ್ಕೆ ಅವನ ತಾತ ಹೇಳುತ್ತಿದ್ದ ಕಟ್ಟುಗಳು ಬಂದು ಕೂತವು: ಬೇರನ್ನು ಭಾನುವಾರ ಹೊತ್ತು ಹುಟ್ಟುವ ಮೊದಲು ಕೀಳಬೇಕು. ಕಿತ್ತ ಗಳಿಗೆಯಿಂದ ರೋಗಿ ಕುಡಿಯುವ ತನಕ ಕಿತ್ತವನು ತುಟಿ ಬಿಚ್ಚಕೂಡದು. ಕುದಿಯುವ ಮದ್ದಿನ ಮೇಲೆ ಬೇರೆಯವರ ಕಣ್ಣು ಬೀಳಕೂಡದು. ಇವುಗಳಲ್ಲಿ ಒಂದು ತಪ್ಪಿದರೂ ಮದ್ದು ಬರಿಯ ನಾರು!

ಭಾನುವಾರ ಬಂತು. ಹುಳಗಳು ಕೊನೆಯ ಪೊರೆ ಕಳಚಿ ಎದ್ದಿದ್ದವು. ಇನ್ನು ಗೂಡು ಕಟ್ಟುವವರೆಗೆ ಅವಕ್ಕೆ ತಿನ್ನುವುದೊಂದೇ ಕೆಲಸ. ಮನೆಯ ತುಂಬ ಚರಚರ ಚರಚರ ಮೇಯುವ ಸದ್ದು. ಆಗ ರಾಮನಗರಕ್ಕೆ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಅಲ್ಲಿ ನೂಲು ತೆಗೆಯುವ ಮುನಾವರ್ ಸಾಬರು ಬಂದು ಹುಳ ನೋಡಿ, "ಮಾರಕ್ಕ, ನಿಮ್ಮ ಗೂಡು ಪೂರ್ತಿ ನನಗೇ" ಎಂದು ಹೇಳಿ ಹೋಗಿದ್ದರು. ಮಾರಕ್ಕ ಅಂದು ಒಂದಿಷ್ಟು ನಕ್ಕಿದ್ದಳು.

ನಸುಕಿನಲ್ಲಿ ಕೆಂಚಯ್ಯ ಮಣ್ಣು ಮೆತ್ತಿದ ಬೇರಿನ ಕಟ್ಟು ಹಿಡಿದು, ಬಾಯಿಗೆ ಬೀಗ ಜಡಿದು ಮನೆಗೆ ಬಂದ. ಮಾರಕ್ಕ ಮಂಕರಿ ಎತ್ತಿಕೊಂಡು ಸೊಪ್ಪಿಗೆ ಹೊರಟಿದ್ದಳು.

"ಎಲ್ಲೋಗಿದ್ರಿ ಇಷ್ಟೊತ್ನಲ್ಲಿ?"

ಕೆಂಚಯ್ಯ ತುಟಿಯ ಮೇಲೆ ಬೆರಳಿಟ್ಟ.

"ಹಲ್ಲು ನೋವಾ?"

ತಲೆ ಆಡಿಸಿದ, ಅಲ್ಲವೆಂದು.

"ಗಂಟ್ಲು ಕಟ್ಕತಾ?"

ಅದೂ ಅಲ್ಲ.

"ಏನಾರ ಆಗ್ಲಿ, ದೇವ್ರು ದೊಡ್ಡೋನು. ಒಸಿ ಹೊತ್ತು ಹಿಂಗೇ ಇರ್ಲಿ!" ಎಂದು ಮಂಕರಿ ತಲೆಗೇರಿಸಿದಳು. ಬಾಗಿಲು ದಾಟಿದವಳು ತಿರುಗಿ, "ಇರುವೆ ಹತ್ತದಂಗೆ ನೋಡ್ಕಳಿ. ಬ್ಯಾರೆ ಏನೂ ಮಾಡಾಕ್ ಹೋಗ್ಬ್ಯಾಡಿ ಕಣಿ!" ಎಂದಳು.

ಮೂವತ್ತು ವರ್ಷಗಳ ಸಂಸಾರದಲ್ಲಿ ಅವಳು ಹೇಳದಿದ್ದರೂ ಏನೂ ಮಾಡದೆ ಕೂತಿದ್ದವನು, ಹೇಳಿದ ದಿನವೇ ಮಾಡಲು ಎದ್ದ. ಇದಕ್ಕೇ ಗ್ರಹಚಾರ ಎನ್ನುವುದು!

ಒಲೆ ಹಿತ್ತಲಲ್ಲಿತ್ತು. ಹಿತ್ತಲಲ್ಲಿ ಕುದಿಸಿದರೆ ಅಂಕಯ್ಯನ ಮನೆಯವರ ಕಣ್ಣು ಬೀಳುತ್ತದೆ. ಮದ್ದು ನಾರಾಗುತ್ತದೆ. ಆದ್ದರಿಂದ ಕೆಂಚಯ್ಯ ನಡುಮನೆಯಲ್ಲೇ, ಅಟ್ಟಣಿಗೆಯಿಂದ ನಾಲ್ಕು ಮೊಳ ದೂರದಲ್ಲಿ, ಮೂರು ಕಲ್ಲು ಹೂಡಿದ. ಬಾಗಿಲಿಗೆ ಅಗುಳಿ ಹಾಕಿದ. ಕಿಟಕಿಗೆ ಗೋಣಿ ತುರುಕಿದ. ಇಬ್ಬನಿಯಲ್ಲಿ ನೆಂದ ಸೌದೆ ಒಟ್ಟಿದ. ಎಮ್ಮೆಯ ಹಾಲನ್ನು ಗಡಿಗೆಯ ಕಂಠದವರೆಗೆ ಹುಯ್ದ. ಒಂದು ಚಿಟಿಕೆಗೆ ದಿಗಿಲು ಹೋಗುವುದಾದರೆ ಒಂದು ಕಟ್ಟು ಬೇರಿಗೆ ದಿಗಿಲಿನ ಮುತ್ತಾತನೇ ಹೋಗಬೇಕಲ್ಲ ಎಂದು ಲೆಕ್ಕ ಹಾಕಿ, ಹಸಿ ಬೇರನ್ನು ಅಷ್ಟೂ ಜಜ್ಜಿ ಅದರೊಳಕ್ಕೆ ತುಂಬಿದ.

ಅಶ್ವಗಂಧ ಎಂದು ಹೆಸರಿಟ್ಟ ಪುಣ್ಯಾತ್ಮರು ಸುಳ್ಳು ಹೇಳಿದವರಲ್ಲ. ಗಡಿಗೆ ಬಿಸಿಯಾಗುತ್ತಲೇ ಮನೆಯೊಳಕ್ಕೆ ಕುದುರೆ ಬಂತು. ಮೊದಲು ಬೆವೆತ ಕುದುರೆ. ಆಮೇಲೆ ವಾರವಿಡೀ ಲಾಯ ಗುಡಿಸದ ಕುದುರೆ. ಆಮೇಲೆ ಮಹಾರಾಜರ ಸವಾರಿಯ ಅಷ್ಟೂ ಕುದುರೆಗಳು ಒಟ್ಟಿಗೇ ಬಂದು ಕೆಂಚಯ್ಯನ ನಡುಮನೆಯಲ್ಲಿ ಮೈ ಕೊಡವಿದವು! ಕೆಂಚಯ್ಯ ಹಿಗ್ಗಿದ. ವಾಸನೆಯೇ ಇಷ್ಟಿದ್ದರೆ ಗುಣ ಎಷ್ಟಿರಬೇಡ!

ಆಗ ಒಂದು ವಿಚಿತ್ರ ಅವನ ಗಮನಕ್ಕೆ ಬಂತು. ಚರಚರ ನಿಂತಿತ್ತು. ಮನೆಯಲ್ಲಿ ಒಂದು ಸದ್ದಿಲ್ಲ.

'ಆಹಾ! ಬರೇ ವಾಸನೆಗೇ ಹುಳಕ್ಕೂ ನೆಮ್ಮದಿ ಬಂತು!' ಎಂದುಕೊಂಡ ಮಹಾವೈದ್ಯ.

ಎದ್ದು ಹೋಗಿ ನೋಡಿದ. ತಟ್ಟೆ ತಟ್ಟೆಯಲ್ಲೂ ಹುಳಗಳು ಸೊಪ್ಪು ಬಿಟ್ಟು, ಎದೆ ಸೆಟೆಸಿ, ತಲೆ ಎತ್ತಿ ಕೂತಿದ್ದವು. ಅಷ್ಟೂ ತಲೆಗಳು ಅವನನ್ನೇ ನೋಡುತ್ತಿದ್ದಂತಿತ್ತು. ಪಂಚಾಯಿತಿಯ ಮುಂದೆ ನಿಂತ ಕಳ್ಳನಿಗೆ ಕೂಡ ಅಷ್ಟು ಕಣ್ಣುಗಳನ್ನು ಎದುರಿಸುವ ಪಾಡು ಬಂದಿರಲಾರದು. ನೋಡುತ್ತಿದ್ದಂತೆಯೇ ಒಂದು ಹುಳ ತಟ್ಟೆಯ ಅಂಚು ಹತ್ತಿತು. ಅದರ ಹಿಂದೆ ಹತ್ತು. ಅದರ ಹಿಂದೆ ತಟ್ಟೆಯೇ ಗುಳೆ ಎದ್ದಿತು!

ಕೆಂಚಯ್ಯ ಎರಡೂ ಕೈಯಲ್ಲಿ ಹುಳ ಎತ್ತೆತ್ತಿ ತಟ್ಟೆಗೆ ಹಾಕಿದ. ಈ ತಟ್ಟೆಗೆ ಹಾಕಿದರೆ ಆ ತಟ್ಟೆಯವು ಇಳಿದವು. ಅಷ್ಟರಲ್ಲಿ ಬೆನ್ನ ಹಿಂದೆ ಬುಸ್ ಎಂದು ಗಡಿಗೆ ಉಕ್ಕಿತು. ಹಾಲು ಒದ್ದೆ ಸೌದೆಯ ಮೇಲೆ ಸುರಿದು, ಹೊತ್ತಿ ಕರಿಕಾಗಿ, ಅದರ ಹೊಗೆ ಕುದುರೆಯ ಬೆನ್ನೇರಿ ಸೂರಿನವರೆಗೆ ಸವಾರಿ ಹೊರಟಿತು. ಹೆಂಚಿನ ಸಂದಿಯಿಂದ ಹೊಗೆ ಆಚೆಗೂ ಬಂತು.

ಹೊರಗೆ ಅಂಕಯ್ಯನ ಗಂಟಲು ಕೇಳಿತು.

"ಲೇ ಕೆಂಚಾ! ನಿನ್ ಮನೆಯಿಂದ ಹೊಗೆ ಬತ್ತಾ ಐತಲ್ಲೋ! ಒಳಗಿದ್ದೀಯೇನ್ಲಾ?"

'ಇದ್ದೀನಿ ಕಣ್ಲಾ, ಬೆಂಕಿ ಬಿದ್ದಿಲ್ಲ, ಸುಮ್ಕಿರು.' ಇಷ್ಟು ಅಂದಿದ್ದರೆ ಮುಗಿದಿತ್ತು. ಆ ಮಾತು ಕೆಂಚಯ್ಯನ ಹಲ್ಲಿನವರೆಗೆ ಬಂತು. ಕಟ್ಟು ನೆನಪಾಯಿತು. ನುಂಗಿಕೊಂಡ. ಹುಟ್ಟಿದಂದಿನಿಂದ ಬೇಡದ ಕಡೆಯಲ್ಲೆಲ್ಲ ಮಾತಾಡಿದ ಮನುಷ್ಯ, ಒಂದು ಮಾತು ಬೇಕಿದ್ದ ಗಳಿಗೆಯಲ್ಲಿ ಮೌನವ್ರತ ಪಾಲಿಸಿದ! ಬಾಗಿಲು ತೆಗೆಯೋಣವೆಂದರೆ ಮದ್ದಿನ ಮೇಲೆ ಕಣ್ಣು ಬೀಳುತ್ತದೆ. "ಊಂ! ಊಂಹೂಂ! ಊಂ!" ಎಂದು ಮೂಗಿನಲ್ಲೇ ಕೂಗಿದ.

"ಅಯ್ಯಯ್ಯೋ, ಒಳಗೆ ಎಮ್ಮೆ ಕರ ಸಿಕ್ಕಾಕ್ಕಂಡೈತೆ! ಬರ್ರಲಾ, ಬರ್ರಲಾ! ಕೆಂಚನ ಮನೆಗೆ ಬೆಂಕಿ ಬಿತ್ತು!" ಎಂದು ಅಂಕಯ್ಯ ಊರಿಗೇ ಸಾರಿದ.

ಊರು ಬಂತು. ಒಳ್ಳೆಯ ಊರು. ಕಷ್ಟಕ್ಕಾಗುವ ಊರು. ಅದೇ ಎಡವಟ್ಟಾಯಿತು. ನಾಲ್ಕು ಜನ ಸೂರಿಗೇರಿ ಹೆಂಚು ಕಿತ್ತರು. ಬಾವಿಯಿಂದ ಸೂರಿನವರೆಗೆ ಸಾಲು ನಿಂತಿತು. ಕೊಡದ ಮೇಲೆ ಕೊಡ! ಕೆಳಗೆ ಕೆಂಚಯ್ಯ ಅಟ್ಟಣಿಗೆಗೆ ಅಡ್ಡ ನಿಂತು, ಎರಡೂ ಕೈ ಚಾಚಿ, ಬಾಯಿ ಬಿಗಿದು ಕುಣಿಯುತ್ತಿದ್ದ. ಮೇಲಿನವರಿಗೆ ಹೊಗೆಯಲ್ಲಿ ಒಂದು ಆಕಾರ ಕುಣಿಯುವುದಷ್ಟೇ ಕಾಣುತ್ತಿತ್ತು.

"ಬೆಂಕಿ ಹತ್ಕಂಡು ಒದ್ದಾಡ್ತಾ ಐತೆ ಕಣ್ರಲಾ! ಅದರ್ ಮ್ಯಾಲೇ ಹುಯ್ರಿ!"

ಹುಯ್ದರು. ಅವನ ಮೇಲೂ ಹುಯ್ದರು, ತಟ್ಟೆಗಳ ಮೇಲೂ ಹುಯ್ದರು. ಒದ್ದೆ ಸೊಪ್ಪನ್ನು ಸೆರಗಿನಲ್ಲಿ ಒರೆಸಿ ಒರೆಸಿ ಹಾಕಿ ಸಾಕಿದ್ದ ಹುಳ ಬಾವಿ ನೀರಿನಲ್ಲಿ ತೇಲಿತು.

ಬಾಗಿಲು ಒಡೆದು ಜನ ಒಳಗೆ ನುಗ್ಗುವ ಹೊತ್ತಿಗೆ ಮಾರಕ್ಕ ಮಂಕರಿ ಹೊತ್ತು ಬಂದಳು. ಜನ ತಾವಾಗಿ ದಾರಿ ಬಿಟ್ಟರು. ಸೂರಿನಲ್ಲಿ ಆಕಾಶ ಕಾಣುತ್ತಿತ್ತು. ನೆಲದಲ್ಲಿ ನೀರು, ಬೂದಿ, ಹಾಲು, ಹುಳ. ನಡುವೆ ಗಂಡ. ಅವನ ಕೈಯಲ್ಲಿ ಒಂದು ಚೊಂಬು. ಅಷ್ಟು ಪ್ರಳಯದಲ್ಲೂ ಒಂದು ಚೊಂಬು ಕಷಾಯವನ್ನು ಅವನು ಎದೆಗವಚಿ ಉಳಿಸಿಕೊಂಡಿದ್ದ!

ಕೆಂಚಯ್ಯ ಚೊಂಬನ್ನು ಅವಳ ತುಟಿಯ ಹತ್ತಿರ ಹಿಡಿದ. 'ಕುಡಿ, ಒಂದು ಗುಟುಕು ಕುಡಿ. ನೀನು ಕುಡಿದರೆ ನಾನು ಮಾತಾಡಬಹುದು, ಎಲ್ಲ ಹೇಳುತ್ತೇನೆ' ಎಂದು ಕಣ್ಣಲ್ಲೇ ಅಂಗಲಾಚಿದ.

ಮಾರಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಕೆಂಚಯ್ಯ ಬದುಕಿಕೊಳ್ಳುತ್ತಿದ್ದ. ಮಂಕರಿ ಇಳಿಸಿದಳು. ಒಂದು ತಟ್ಟೆಯ ಸೊಪ್ಪು ಎತ್ತಿ ನೋಡಿದಳು. ಇನ್ನೊಂದನ್ನು ನೋಡಿದಳು. ಚೊಂಬನ್ನು ಅವನ ಎದೆಯ ಕಡೆಗೇ ತಳ್ಳಿದಳು. ಮದುವೆಯಾದಂದಿನಿಂದ 'ನೀವು' ಎನ್ನುತ್ತಿದ್ದವಳು ಅಂದು ಮೊದಲ ಸಲ ಅಂದಳು:

"ನೀನೇ ಕುಡಿ. ಇನ್ಮ್ಯಾಲೆ ನಿನ್ಗೇ ಬೇಕಾಗ್ತದೆ."

ಊರಿನ ಎದುರು ಕೆಂಚಯ್ಯ ಕುಡಿದ. ಕಟ್ಟು ಬಿಚ್ಚಿತು. ಇನ್ನು ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಬಾಯಿ ತೆರೆದ. ಕುದುರೆಯ ವಾಸನೆಯ ತೇಗೊಂದು ಬಂತು.

ಉಳಿದ ಹುಳಗಳನ್ನು ಉಳಿಸಿಕೊಳ್ಳಲು ಮಾರಕ್ಕ ಎರಡು ದಿನ ಹೆಣಗಿದಳು. ಅವಳ ಜೊತೆ ಕೆಂಚಯ್ಯನೂ ಸೊಪ್ಪು ಹೊತ್ತ, ಹಿಕ್ಕೆ ಬಳಿದ, ನಿದ್ದೆಗೆಟ್ಟ. ಹುಳ ಮೆತ್ತಗಾಗಿ, ಕಪ್ಪಾಗಿ, ತಟ್ಟೆ ತಟ್ಟೆಯೇ ಕೊಳೆಯಿತು. ಮೂರನೆಯ ಬೆಳಿಗ್ಗೆ ಅಷ್ಟನ್ನೂ ತಿಪ್ಪೆಯ ಪಕ್ಕದ ಗುಂಡಿಗೆ ಸುರಿದು ಮಣ್ಣು ಮುಚ್ಚಿದರು. ಮುನಾವರ್ ಸಾಬರು ಬಂದವರು ಖಾಲಿ ಅಟ್ಟಣಿಗೆ ನೋಡಿ ತಿರುಗಿ ಹೋದರು.

ಅಂದು ಮಾರಕ್ಕ ಮನೆ ಸಾರಿಸಿದಳು. ಸಾರಿಸಿ, ಕೈ ತೊಳೆದು, ಜಗಲಿಗೆ ಬಂದು ಒರಗಿದವಳು ನಿದ್ದೆ ಹೋದಳು. ಕಾಯಬೇಕಾದ ಬೆಳೆಯೇ ಇಲ್ಲದವಳಿಗೆ ಎಂಥ ನಿದ್ದೆ! ಹೊತ್ತು ನೆತ್ತಿಗೆ ಬಂದರೂ ಏಳಲಿಲ್ಲ. ಎಮ್ಮೆ ಕೂಗಿದರೂ ಏಳಲಿಲ್ಲ. ಅಂಕಯ್ಯ ಬಂದು ಮುರಿದ ಬಾಗಿಲನ್ನೇ ಬಡಿದ, ಬೆಚ್ಚಲೂ ಇಲ್ಲ. ಕೆಂಚಯ್ಯ ಗಾಬರಿಯಾಗಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿದ. ಉಸಿರು ನೆಮ್ಮದಿಯಾಗಿ ಆಡುತ್ತಿತ್ತು. ಡವಡವ ಎನ್ನುತ್ತಿದ್ದುದು ಈಗ ಅವನ ಎದೆ!

ಮುಂದಿನ ವಾರ ಚಿಕ್ಕತಾಯಿ ಬಂದಳು. ಕೊಟ್ಟಿಗೆಗೆ ಹೋಗುವ ಪ್ರಮೇಯ ಬರಲಿಲ್ಲ. ಮತ್ತೆ ಹೆಂಚು ಹೊದಿಸಿದ ನಡುಮನೆ ವಿಶಾಲವಾಗಿ ಖಾಲಿ ಬಿದ್ದಿತ್ತು. ಅಲ್ಲೇ ಹೆತ್ತಳು, ಹೆಣ್ಣು ಕೂಸು. ತುಪ್ಪವಿಲ್ಲದ ಬಾಣಂತನ. ಬಣ್ಣದ ತೊಟ್ಟಿಲಿಲ್ಲ, ಅಟ್ಟಣಿಗೆಯ ಬಿದಿರು ಗಳುವಿಗೆ ಮಾರಕ್ಕನ ಹಳೆ ಸೀರೆ ಕಟ್ಟಿ ಕೂಸನ್ನು ಹಾಕಿದರು. "ಅವ್ವ, ತೊಟ್ಲು ಅಂದಿದ್ದೆ?" ಎಂದು ಚಿಕ್ಕತಾಯಿ ಒಂದು ಸಲ ಕೇಳಿದಳು. ಅಪ್ಪನ ಮುಖ ನೋಡಿದಳು. ಎರಡನೆಯ ಸಲ ಕೇಳಲಿಲ್ಲ.

ಊರಿನ ಬಾಯಿಗೆ ಮಾತ್ರ ಅಗುಳಿ ಇಲ್ಲವಲ್ಲ! ಸುದ್ದಿ ಸಾತನೂರು ದಾಟಿತು. ದಾಟುತ್ತ ದಾಟುತ್ತ ಹುಳ ಬಿಟ್ಟುಹೋಯಿತು, ಹೊಗೆ ಬಿಟ್ಟುಹೋಯಿತು, ನೀರು ಬಿಟ್ಟುಹೋಯಿತು. ಉಳಿದದ್ದು ಇಷ್ಟು: ಕೆಂಚಯ್ಯನೋರು ಹಿರೇಮದ್ದು ಕುದಿಸಿದರು, ಮಾರಕ್ಕನ ದಿಗಿಲು ಬಿಟ್ಟಿತು, ಈಗ ಗುಡುಗಿದರೂ ಏಳದಂತೆ ಮಲಗುತ್ತಾಳೆ.

ಒಂದು ದಿನ ಕೋಡಿಹಳ್ಳಿಯಿಂದ ಒಬ್ಬ ಹೆಂಗಸು ಹುಡುಕಿಕೊಂಡು ಬಂದಳು. ಕಣ್ಣ ಕೆಳಗೆ ಕಪ್ಪು. ಕೆಂಚಯ್ಯ ಅಂಗಳದಲ್ಲಿ ಬಾಣಂತಿಗೆ ನೀರು ಕಾಯಿಸಲು ಒಲೆ ಊದುತ್ತಿದ್ದ. ಮದ್ದಿನ ಹೆಸರು ಕಿವಿಗೆ ಬೀಳುತ್ತಲೇ ತಲೆ ತಗ್ಗಿಸಿ ಇನ್ನೂ ಜೋರಾಗಿ ಊದಿದ.

"ಯಕ್ಕಾ, ನಿಮ್ ಯಜಮಾನ್ರು ದಿಗಿಲಿಗೆ ಮದ್ ಕೊಡ್ತಾರಂತೆ. ನನ್ಗೂ ಎದೆ ಡವಡವ ಅಂತದೆ ಕಣಕ್ಕ. ಕೂತ್ರೆ ಕೂರಾಕಾಗಕಿಲ್ಲ, ಮಲಗಿದ್ರೆ ಮಲಗಾಕಾಗಕಿಲ್ಲ. ಒಸಿ ಕೊಡ್ಸಿ, ಪುಣ್ಯ ಬತ್ತದೆ."

ಮಾರಕ್ಕ ಸೀರೆಯ ತೊಟ್ಟಿಲು ತೂಗುತ್ತಿದ್ದವಳು ತೂಗುವುದು ನಿಲ್ಲಿಸಲಿಲ್ಲ.

"ಕೊಡ್ತಾರೆ ಕಣವ್ವ, ಬಾ ಕುತ್ಕ. ಮೊದ್ಲು ಇದೊಂದ್ ಹೇಳ್ಬುಡು. ಕಳ್ಕೊಳ್ಳಾಕೆ ನಿಮ್ಮನೇಲಿ ಏನೈತೆ?"